ಖಾಲಿ ಕಂಡ ಮೊಟ್ಟೆಯೆಲ್ಲ ಬರಡಲ್ಲ

ಮಾನ್ಯ ಸಂಪಾದಕರೇ,

ಕಾವಿಗೆ ಇಟ್ಟ ಕೋಳಿಮೊಟ್ಟೆಯನ್ನು ಏಳನೇ ದಿನ ಟಾರ್ಚಿನ ಬೆಳಕಿಗೆ ಹಿಡಿದಾಗ ಒಳಗೆ ಏನೂ ಕಾಣದಿದ್ದರೆ ನಮ್ಮ ಕಡೆ ಹೇಳುವ ಮಾತು ಒಂದೇ: ‘ಬರಡು ಮೊಟ್ಟೆ’. ಅದರ ಬೆನ್ನಿಗೇ ಹುಂಜದ ಮೇಲೆ ಗೂಬೆ ಕೂರುತ್ತದೆ. ಹುಂಜವನ್ನು ಸಂತೆಗೆ ಸಾಗಿಸಿ ಹೊಸದೊಂದನ್ನು ತರುತ್ತಾರೆ. ಮುಂದಿನ ಸಲವೂ ಅಷ್ಟೇ ಮೊಟ್ಟೆ ಖಾಲಿ. ಆಗ ಬೈಗುಳ ಇನ್‌ಕ್ಯುಬೇಟರ್ ಯಂತ್ರದ ಕಡೆ ತಿರುಗುತ್ತದೆ. ಮನೆಬಳಕೆಯ 30, 50, 100 ಮೊಟ್ಟೆಯ ಯಂತ್ರಗಳು ಊರೂರಿಗೂ ಬಂದಿರುವ ಈ ಹೊತ್ತಿನಲ್ಲಿ, ಈ ತಪ್ಪು ಲೆಕ್ಕದಿಂದ ಸಣ್ಣ ಸಾಕಣೆದಾರರ ದುಡ್ಡು ಮತ್ತು ಮೊಟ್ಟೆ ಎರಡೂ ಹಾಳಾಗುತ್ತಿವೆ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ.

ಬೆಳಕಿಗೆ ಖಾಲಿ ಕಾಣುವ ಮೊಟ್ಟೆಯಲ್ಲಿ ಎರಡು ಬಗೆಯಿದೆ. ಹುಂಜದ ಬೀಜವೇ ಸೇರದೆ ಹುಟ್ಟಿದ ನಿಜವಾದ ಬರಡು ಮೊಟ್ಟೆ ಒಂದು. ಫಲ ಕಟ್ಟಿ, ಭ್ರೂಣ ಬೆಳೆಯಲು ಶುರುವಾಗಿ, ರಕ್ತ ಮೂಡುವ ಮುಂಚೆಯೇ ಸತ್ತ ಮೊಟ್ಟೆ ಇನ್ನೊಂದು. ಚಿಪ್ಪಿನ ಹೊರಗಿನಿಂದ ನೋಡಿದರೆ ಇವೆರಡಕ್ಕೂ ಏನೇನೂ ವ್ಯತ್ಯಾಸವಿಲ್ಲ. ಎಷ್ಟು ಪ್ರಖರ ಬೆಳಕು ಹಾಕಿದರೂ ಕಾಣುವುದು ಹಳದಿಯ ಮಸುಕು ನೆರಳು ಮಾತ್ರ. ಆದರೆ ಮೊದಲನೆಯದಕ್ಕೆ ಕಾರಣ ಹುಂಜದ ಹತ್ತಿರ ಇರುತ್ತದೆ, ಎರಡನೆಯದಕ್ಕೆ ಕಾರಣ ಹೆಚ್ಚಾಗಿ ನಾವು ಮೊಟ್ಟೆ ಕೂಡಿಟ್ಟ ಜಾಗದಲ್ಲಿ ಇರುತ್ತದೆ.

ಹ್ಯಾಟೆ, ಅಂದರೆ ಹೆಣ್ಣುಕೋಳಿ, ಮೊಟ್ಟೆ ಇಡುವ ಹೊತ್ತಿಗೆ ಒಳಗಿನ ಭ್ರೂಣಕ್ಕೆ ಆಗಲೇ ಒಂದು ದಿನದ ವಯಸ್ಸು. ಹಳದಿ ಬಿಡುಗಡೆಯಾಗಿ, ಬಿಳಿ ಲೋಳೆ ಸುತ್ತಿಕೊಂಡು, ಚಿಪ್ಪು ಕಟ್ಟಿ ಹೊರಬರಲು 24ರಿಂದ 26 ಗಂಟೆ ಬೇಕು. ಆ ಅವಧಿಯಲ್ಲಿ ಕೋಳಿಯ ಮೈಬಿಸಿಯಲ್ಲೇ ಜೀವಕೋಶ ಒಡೆದು ಒಡೆದು ಹತ್ತಾರು ಸಾವಿರ ಕೋಶಗಳ ಒಂದು ತೆಳುವಾದ ಬಿಲ್ಲೆ ಹಳದಿಯ ಮೇಲೆ ಸಿದ್ಧವಾಗಿರುತ್ತದೆ. ಮೊಟ್ಟೆ ಹೊರಬಂದು ತಣಿದಾಗ ಈ ಬೆಳವಣಿಗೆ ನಿಲ್ಲುತ್ತದೆ. ಹಾಗೆ ನಿಂತಿರುವುದರಿಂದಲೇ ಹತ್ತು ದಿನ ಇಟ್ಟ ಹತ್ತು ಮೊಟ್ಟೆಗೆ ಒಟ್ಟಿಗೆ ಕಾವು ಕೊಟ್ಟರೂ ಮರಿ ಒಂದೇ ದಿನ ಹೊರಬರುತ್ತವೆ. ಬೆಳವಣಿಗೆ ಪೂರ್ತಿ ನಿಲ್ಲಬೇಕಾದರೆ ಮೊಟ್ಟೆಯ ಒಳಬಿಸಿ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. 24 ಡಿಗ್ರಿ ದಾಟಿದರೆ ಭ್ರೂಣ ನಿದ್ದೆಗಣ್ಣಿನಲ್ಲಿ ನಡೆಯುವವರಂತೆ ನಿಧಾನವಾಗಿ, ಅಂಕುಡೊಂಕಾಗಿ ಬೆಳೆಯಲು ತೊಡಗುತ್ತದೆ. ಬಿಸಿ 27ರಿಂದ 35ರ ನಡುವೆ ಓಲಾಡುತ್ತಿದ್ದರೆ ಬೆಳವಣಿಗೆ ಪೂರ್ತಿ ನಿಲ್ಲುವುದೂ ಇಲ್ಲ, ಸರಿಯಾಗಿ ಸಾಗುವುದೂ ಇಲ್ಲ. ಒಂದು ಭಾಗ ಮುಂದೆ ಓಡಿ ಇನ್ನೊಂದು ಹಿಂದೆ ಬಿದ್ದ ಅಂಥ ಭ್ರೂಣ ಕಾವಿನ ಮೊದಲ ಒಂದೆರಡು ದಿನಗಳಲ್ಲೇ ಸಾಯುತ್ತದೆ.

ಈಗ ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ತಿಂಗಳನ್ನು ನೆನೆಸಿಕೊಳ್ಳಿ. ನೆರಳಿನಲ್ಲೇ 40 ಡಿಗ್ರಿ. ತಗಡಿನ ಮಾಡಿನ ಕೆಳಗೆ, ಒಲೆಯ ಪಕ್ಕದ ಬುಟ್ಟಿಯಲ್ಲಿ ಹತ್ತು ದಿನ ಕೂಡಿಟ್ಟ ತತ್ತಿ ಕಾವು ಪೆಟ್ಟಿಗೆಗೆ ಹೋಗುವ ಮುಂಚೆಯೇ ಅರ್ಧ ಪ್ರಾಣ ಕಳೆದುಕೊಂಡಿರುತ್ತದೆ. ತುಮಕೂರು, ಚಿತ್ರದುರ್ಗದ ಬೇಸಿಗೆಯೂ ಇದಕ್ಕಿಂತ ತೀರಾ ಬೇರೆಯಲ್ಲ. ಇಂಥ ಮೊಟ್ಟೆ ಏಳನೇ ದಿನ ಬೆಳಕಿಗೆ ಖಾಲಿ ಕಾಣುತ್ತದೆ, ಬೈಗುಳ ಮಾತ್ರ ಹುಂಜಕ್ಕೆ.

ಮರಿ ಮಾಡಿಸುವ ಮೊಟ್ಟೆಯನ್ನು 15ರಿಂದ 18 ಡಿಗ್ರಿಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡುವುದು ಸರಿಯಾದ ಕ್ರಮ. ಏಳು ದಿನದೊಳಗೆ ಕಾವಿಗೆ ಇಟ್ಟರೆ ಒಳ್ಳೆಯದು. ಅಲ್ಲಿಂದಾಚೆ ದಿನದಿನಕ್ಕೂ ಮರಿಯಾಗುವ ಪ್ರಮಾಣ ಇಳಿಯುತ್ತದೆ. ಹಳ್ಳಿಯ ಮನೆಯಲ್ಲಿ 18 ಡಿಗ್ರಿ ಎಲ್ಲಿಂದ ತರುವುದು ಎನ್ನುವುದು ನ್ಯಾಯವಾದ ಪ್ರಶ್ನೆ. ಒಣ ಸೀಮೆಯಲ್ಲಿ ಮಣ್ಣಿನ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಗಲ ಬಾಯಿಯ ಮಡಕೆಯನ್ನು ಮರಳು ತುಂಬಿದ ಬಾಂಡಲಿಯಲ್ಲಿ ಅರ್ಧದವರೆಗೆ ಹೂತು, ಗಾಳಿಯಾಡುವ ನೆರಳಿನಲ್ಲಿಟ್ಟು, ಮರಳಿಗೆ ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಮಡಕೆಯೊಳಗೆ ಒಣ ಹುಲ್ಲು ಹಾಸಿ ಮೊಟ್ಟೆ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಮೊಟ್ಟೆಗೆ ನೀರು ತಾಗಬಾರದು. ಹೀಗೆ ಮಾಡಿದರೂ 18 ಡಿಗ್ರಿ ಸಿಗಲಾರದು. ಆದರೆ ಹೊರಗಿನ ಬಿಸಿಗಿಂತ ಎಷ್ಟೋ ಡಿಗ್ರಿ ಕಡಿಮೆಯಾಗುತ್ತದೆ. ಅಂಥ ದಿನಗಳಲ್ಲಿ ಏಳು ದಿನ ಕಾಯದೆ ಮೂರು ನಾಲ್ಕು ದಿನಕ್ಕೇ ಕಾವಿಗೆ ಇಟ್ಟುಬಿಡುವುದು ಲೇಸು. ಕರಾವಳಿಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಮಡಕೆ ಹೆಚ್ಚು ತಣಿಯುವುದಿಲ್ಲ, ಅಲ್ಲಿ ಬೇಗ ಕಾವಿಗೆ ಇಡುವುದೊಂದೇ ದಾರಿ. ಫ್ರಿಜ್ಜಿನ 4-5 ಡಿಗ್ರಿ ತೀರಾ ತಣ್ಣಗೆ. ಮೇಲಾಗಿ ಹೊರತೆಗೆದಾಗ ಚಿಪ್ಪು ಬೆವರುತ್ತದೆ, ಆ ಬೆವರಿನ ಜೊತೆ ಬ್ಯಾಕ್ಟೀರಿಯಾ ರಂಧ್ರದೊಳಗೆ ಇಳಿಯುತ್ತದೆ.

ಹುಂಜ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಕಾವಿನ ಪೆಟ್ಟಿಗೆಯೇ ಬೇಕಿಲ್ಲ. ಅಡುಗೆಗೆ ಒಡೆಯುವ ಮೊಟ್ಟೆಯೇ ಸಾಕು. ಅದೇ ಹಿಂಡಿನ ತಾಜಾ ಮೊಟ್ಟೆಯನ್ನು ತಟ್ಟೆಗೆ ಒಡೆದು ಹಳದಿಯ ಮೇಲಿನ ಬಿಳಿ ಬೊಟ್ಟನ್ನು ಹಗಲು ಬೆಳಕಿನಲ್ಲಿ ನೋಡಿ. ಕಾಣದಿದ್ದರೆ ಚಮಚದಿಂದ ಹಳದಿಯನ್ನು ಮೆಲ್ಲಗೆ ಹೊರಳಿಸಿ. ಬರಡು ಮೊಟ್ಟೆಯಲ್ಲಿ ಆ ಬೊಟ್ಟು 2-3 ಮಿಲಿಮೀಟರ್ ಇರುತ್ತದೆ, ಗಟ್ಟಿ ಬಿಳುಪು, ಅಂಚು ಒಡೆದಂತೆ ಅಡ್ಡಾದಿಡ್ಡಿ. ಫಲ ಕಟ್ಟಿದ ಮೊಟ್ಟೆಯಲ್ಲಿ 4-5 ಮಿಲಿಮೀಟರಿನ ದುಂಡನೆಯ ಬಳೆಯಂತೆ ಕಾಣುತ್ತದೆ: ಅಂಚಿನಲ್ಲಿ ಬಿಳಿ ಉಂಗುರ, ನಡುವೆ ತಿಳಿ. ಒಂದು ಸಲ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದವರಿಗೆ ಆಮೇಲೆ ಗುರುತು ತಪ್ಪುವುದಿಲ್ಲ. ಅಂಗಡಿಯ ಬಿಳಿ ಫಾರಂ ಮೊಟ್ಟೆ ಹುಂಜವಿಲ್ಲದ ಹಿಂಡಿನದು, ಆದ್ದರಿಂದ ಬರಡು ಬೊಟ್ಟಿನ ಮಾದರಿಯಾಗಿ ಅದನ್ನೇ ಒಡೆದು ನೋಡಬಹುದು. ಹತ್ತು ನಾಟಿ ಮೊಟ್ಟೆಯಲ್ಲಿ ಒಂಬತ್ತಕ್ಕೆ ಬಳೆ ಕಂಡರೆ ನಿಮ್ಮ ಹುಂಜ ಸರಿಯಾಗಿದೆ, ಅದನ್ನು ಮಾರಬೇಡಿ.

ಬಳೆ ಕಾಣದ ಮೊಟ್ಟೆಯೇ ಹೆಚ್ಚಾದರೆ ಹುಂಜದ ಕಡೆ ನೋಡಬೇಕಾದದ್ದೇ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಬೇಕು. ಕಾಲಿಗೆ ಪೆಟ್ಟಾದ, ತೀರಾ ಕೊಬ್ಬಿದ, ಇನ್ನೂ ಎಳೆಯದಾದ ಹುಂಜದಿಂದ ಫಲ ಕಟ್ಟುವುದು ಕಡಿಮೆ. ಬಿರುಬೇಸಿಗೆಯಲ್ಲಿ ಒಳ್ಳೆಯ ಹುಂಜದ ಬೀಜವೂ ಸೊರಗುತ್ತದೆ. ಇಲ್ಲಿ ಇನ್ನೊಂದು ಮಾತು. ಬೀಜ ಹ್ಯಾಟೆಯ ಹೊಟ್ಟೆಯೊಳಗೆ ಎರಡು ವಾರದ ತನಕ ಜೀವಂತ ಉಳಿಯುತ್ತದೆ, ಕೆಲವು ಸಲ ಮೂರು ವಾರವೂ ಉಂಟು. ಹೀಗಾಗಿ ಹುಂಜ ಬದಲಾಯಿಸಿದ ಮರುವಾರ ಹುಟ್ಟಿದ ಮೊಟ್ಟೆ ನೋಡಿ ಹೊಸ ಹುಂಜದ ಯೋಗ್ಯತೆ ಅಳೆಯಲು ಬರುವುದಿಲ್ಲ. ತಳಿ ಶುದ್ಧವಾಗಿರಬೇಕಾದವರು ಹಳೇ ಹುಂಜ ತೆಗೆದ ಮೇಲೆ ಮೂರು ವಾರ ಬಿಟ್ಟು ಮೊಟ್ಟೆ ಆರಿಸಬೇಕು.

ಬೆಳಕಿಗೆ ಹಿಡಿಯುವ ಸಾಧನಕ್ಕೆ ಹೆಚ್ಚು ಖರ್ಚಿಲ್ಲ. ಬೆಳಕು ಒಂದೇ ಕಡೆ ಚೂಪಾಗಿ ಬೀಳುವ ಎಲ್‌ಇಡಿ ಟಾರ್ಚು, ಅದರ ಮುಂದೆ ಕೂರುವಂಥ ಮೂರಿಂಚು ಉದ್ದದ ಪಿವಿಸಿ ಪೈಪಿನ ತುಂಡು, ಪೈಪಿನ ಬಾಯಿಗೆ ಸೈಕಲ್ ಟ್ಯೂಬಿನ ಉಂಗುರ. ಪೈಪಿನ ಬಾಯಿ ಒಂದಿಂಚಿಗಿಂತ ಅಗಲ ಬೇಡ, ನಾಟಿ ಮೊಟ್ಟೆ ಚಿಕ್ಕದು, ಅಂಚಿನಿಂದ ಬೆಳಕು ಸೋರಿದರೆ ಕಣ್ಣು ಕುಕ್ಕಿ ಒಳಗಿನದು ಕಾಣುವುದಿಲ್ಲ. ಮೊಟ್ಟೆ ಟ್ಯೂಬಿನ ಮೇಲೆ ಗಾಳಿ ಸಂದಿಲ್ಲದಂತೆ ಕೂರಬೇಕು. ಹಳೆಯ ಬುರುಡೆ ಬಲ್ಬನ್ನು ಡಬ್ಬದೊಳಗಿಟ್ಟು ಮಾಡುವ ಸಾಧನವೂ ನಡೆಯುತ್ತದೆ, ಆದರೆ ಅದು ಬೇಗ ಕಾಯುತ್ತದೆ, ಮೊಟ್ಟೆಯನ್ನು ಅದರ ಮೇಲೆ ಬಿಟ್ಟು ಮಾತಾಡುತ್ತ ಕೂತರೆ ಭ್ರೂಣ ಬೇಯುತ್ತದೆ. ಮೊಬೈಲಿನ ಬೆಳಕು ಬಿಳಿ ಚಿಪ್ಪಿಗೆ ಸಾಕು, ಕಂದು ಚಿಪ್ಪಿಗೆ ಸಾಲದು. ಕೋಣೆ ಮಾತ್ರ ನಿಜವಾಗಿಯೂ ಕತ್ತಲಾಗಿರಬೇಕು. ಎಷ್ಟೋ ಸಲ ಟಾರ್ಚು ಸರಿಯಿದ್ದು, ಕಿಟಕಿಯ ಸಂದಿಯೇ ಕೆಲಸ ಕೆಡಿಸುತ್ತದೆ.

ಮೊದಲನೇ ಸಲ ನೋಡಬೇಕಾದದ್ದು ಕಾವಿಗೆ ಇಡುವ ದಿನವೇ. ಇದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಕೂದಲೆಳೆಯ ಬಿರುಕು ಬರಿಗಣ್ಣಿಗೆ ಕಾಣದಿದ್ದರೂ ಬೆಳಕಿಗೆ ಬೆಳ್ಳಗೆ ಮಿಂಚುತ್ತದೆ. ಆ ಮೊಟ್ಟೆ ಬೇಗ ಒಣಗುತ್ತದೆ ಅಥವಾ ಕೊಳೆಯುತ್ತದೆ, ಇಡಬೇಡಿ. ಎರಡು ಹಳದಿಯ ಮೊಟ್ಟೆಯನ್ನೂ ಬದಿಗಿಡಿ. ಗಾಳಿಕೋಶ, ಅಂದರೆ ಚಿಪ್ಪಿನೊಳಗೆ ಗಾಳಿ ತುಂಬಿದ ಜಾಗ, ಯಾವ ತುದಿಯಲ್ಲಿದೆ ಎಂದು ಗುರುತಿಸಿ ಪೆನ್ಸಿಲಿನಲ್ಲಿ ಅದರ ಗೆರೆ ಎಳೆಯಿರಿ. ನಾಟಿ ಮೊಟ್ಟೆಯಲ್ಲಿ ಕೆಲವಕ್ಕೆ ಚೂಪು ಯಾವುದು, ಮೊಂಡು ಯಾವುದು ಎಂದು ಆಕಾರದಿಂದ ತಿಳಿಯುವುದಿಲ್ಲ. ತಲೆಕೆಳಗಾಗಿ ಇಟ್ಟರೆ ಮರಿಯ ತಲೆ ಚೂಪು ತುದಿಗೆ ಬಂದು, ಕೊನೆಯಲ್ಲಿ ಉಸಿರಾಡಲು ಗಾಳಿಕೋಶ ಸಿಗದೆ ಒದ್ದಾಡುತ್ತದೆ. ಬಸ್ಸಿನಲ್ಲಿ, ಪಾರ್ಸೆಲಿನಲ್ಲಿ ಕುಲುಕಾಡಿ ಬಂದ ಮೊಟ್ಟೆಯ ಗಾಳಿಕೋಶ ಸಡಿಲವಾಗಿ ಆಚೀಚೆ ಜಾರುತ್ತಿದ್ದರೆ, ಚೂಪು ತುದಿ ಕೆಳಗೆ ಮಾಡಿ 12ರಿಂದ 24 ಗಂಟೆ ಅಲ್ಲಾಡಿಸದೆ ಇಟ್ಟು ಆಮೇಲೆ ಕಾವಿಗೆ ಇಡಬೇಕು. ಚಿಪ್ಪಿನ ಮೇಲೆ ಬೆಳಕಿಗೆ ಕಾಣುವ ಸಣ್ಣ ಸಣ್ಣ ಬಿಳಿ ಚುಕ್ಕಿಗೆ ಹೆದರಬೇಕಿಲ್ಲ, ಅದು ಚಿಪ್ಪಿನಲ್ಲಿ ತೇವ ಹರಡಿರುವ ರೀತಿ ಅಷ್ಟೇ. ತಾರೀಖು ಬರೆಯಲು ಪೆನ್ಸಿಲನ್ನೇ ಬಳಸಿ.

ಒಳಗೆ ನಡೆಯುವುದಕ್ಕೂ ಹೊರಗೆ ಕಾಣುವುದಕ್ಕೂ ಎರಡು ಮೂರು ದಿನದ ಅಂತರವಿದೆ. ಗಾಳಿ ಆಡಿಸುವ ಫ್ಯಾನಿರುವ ಯಂತ್ರದಲ್ಲಿ 37.5ರಿಂದ 37.8 ಡಿಗ್ರಿಯ ಕಾವು ಸಿಕ್ಕರೆ, ಸುಮಾರು 18 ಗಂಟೆಗೆ ಬಿಲ್ಲೆಯ ಮೇಲೆ ಬೆನ್ನಿನ ದಿಕ್ಕು ತೋರಿಸುವ ಗೀರು ಮೂಡಿರುತ್ತದೆ. ಒಂದು ದಿನ ತುಂಬುವಾಗ ಬೆನ್ನೆಲುಬಾಗಲಿರುವ ಗಂಟುಗಳು ಜೋಡಿಜೋಡಿಯಾಗಿ ಕಾಣಿಸಿಕೊಳ್ಳುತ್ತವೆ. ಎರಡನೇ ದಿನದ ನಡುವೆ, ಅಂದರೆ 33ರಿಂದ 38 ಗಂಟೆಯ ಹೊತ್ತಿಗೆ, ಹೃದಯ ಮಿಡಿಯಲು ಶುರುವಾಗುತ್ತದೆ. ಅಷ್ಟು ಆದರೂ ಹೊರಗಿನಿಂದ ನೋಡುವವರಿಗೆ ಮೊಟ್ಟೆ ನಿನ್ನೆಯಷ್ಟೇ ಖಾಲಿ! ಮೂರನೇ ದಿನದ ಕೊನೆಗೆ, ಬಿಳಿ ಚಿಪ್ಪಿನಲ್ಲಿ, ಹಳದಿಯ ಮೇಲೆ ತೆಳುಗೆಂಪು ಎಳೆಗಳು ಅನುಮಾನದಂತೆ ಮೂಡುತ್ತವೆ. ನಾಲ್ಕನೇ ದಿನ ಅದು ಜೇಡನಂತೆ ಕಾಲು ಚಾಚುತ್ತದೆ: ನಡುವೆ ಚುಕ್ಕಿ, ಸುತ್ತ ಕವಲೊಡೆದ ರಕ್ತನಾಳ. ಐದನೇ ದಿನ ಕಣ್ಣಿಗೆ ಬಣ್ಣ ತುಂಬಿ ಕಪ್ಪು ಬೊಟ್ಟು ಎದ್ದು ಕಾಣುತ್ತದೆ. ಏಳನೇ ದಿನ ಭ್ರೂಣ ತನ್ನ ನೀರಿನ ಚೀಲದಲ್ಲಿ ತೊಟ್ಟಿಲಲ್ಲಿ ಮಲಗಿದ ಕೂಸಿನಂತೆ ತೂಗುತ್ತಿರುತ್ತದೆ. ತೂಗುವುದು ಆ ಚೀಲವೇ, ಅದರ ಗೋಡೆ ಹಿಗ್ಗಿ ಕುಗ್ಗಿ ಭ್ರೂಣವನ್ನು ಅಲುಗಾಡಿಸುತ್ತದೆ. ನೋಡಿದಷ್ಟು ಸಲವೂ ಮನಸ್ಸು ತುಂಬುವ ನೋಟ ಅದು.

ಹೀಗಾಗಿ ಬಿಳಿ ಮತ್ತು ತಿಳಿ ಕೆನೆಬಣ್ಣದ ಚಿಪ್ಪಿನ ಮೊಟ್ಟೆಯನ್ನು ಐದನೇ ದಿನ ನೋಡಬಹುದು. ಗಿರಿರಾಜದಂಥ ಕೋಳಿಯ ಕಂದು ಮೊಟ್ಟೆಗೆ ಏಳನೇ ದಿನದ ತನಕ ಕಾಯಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿಯ ಹ್ಯಾಟೆ ಕಾವಿಗೆ ಕೂರುವುದು ಅಪರೂಪವಾದ್ದರಿಂದ ಯಂತ್ರ ಅಥವಾ ನಾಟಿ ಹ್ಯಾಟೆಯ ಆಸರೆ ಬೇಕೇ ಬೇಕು, ಆದ್ದರಿಂದ ಕಂದು ಚಿಪ್ಪಿನ ತೊಡಕು ನಮ್ಮಲ್ಲಿ ಬಹಳ ಮಂದಿಗೆ ಎದುರಾಗುತ್ತದೆ. ಮೂರನೇ ದಿನ ಕಂದು ಮೊಟ್ಟೆ ನೋಡಿ ಖಾಲಿ ಎಂದು ಎಸೆದರೆ ಜೀವಂತ ಭ್ರೂಣವನ್ನೇ ಎಸೆದಂತೆ.

ನೋಡುವ ಕ್ರಮ ಹೀಗೆ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಒಂದು ಸಲಕ್ಕೆ ಹತ್ತು ಮೊಟ್ಟೆಗಿಂತ ಹೆಚ್ಚು ಹೊರತೆಗೆಯಬೇಡಿ, ಯಂತ್ರದ ಮುಚ್ಚಳ ಹಾಕಿಯೇ ಇರಲಿ. ಭ್ರೂಣ ಇರುವ ಮಗ್ಗುಲು ಹಗುರ, ಹಳದಿ ಹೊರಳಿ ಅದು ಯಾವಾಗಲೂ ಮೇಲಕ್ಕೆ ಬರುತ್ತದೆ. ಆದ್ದರಿಂದ ಮೊಟ್ಟೆಯನ್ನು ಎರಡು ನಿಮಿಷ ಅಡ್ಡ ಮಲಗಿಸಿಟ್ಟು, ಮೇಲಿದ್ದ ಮಗ್ಗುಲನ್ನೇ ಕಣ್ಣಿಗೆ ಎದುರಾಗಿ ಹಿಡಿದು, ಮೊಂಡು ತುದಿಗೆ ಟಾರ್ಚು ಒತ್ತಿದರೆ ಜೇಡನಂಥ ರಕ್ತನಾಳವನ್ನು ಹುಡುಕುವ ಶ್ರಮ ತಪ್ಪುತ್ತದೆ. ಮೆಲ್ಲಗೆ ಕಾಲು ಸುತ್ತು ತಿರುಗಿಸಿ, ಗಕ್ಕನೆ ಅಲ್ಲ. ಒಂದು ಮೊಟ್ಟೆಗೆ ಐದಾರು ಸೆಕೆಂಡು ಸಾಕು. ಹತ್ತು ಹದಿನೈದು ನಿಮಿಷ ಹೊರಗಿದ್ದರೆ ಮೊಟ್ಟೆಗೆ ತೊಂದರೆಯಿಲ್ಲ, ಕಾವಿಗೆ ಕೂತ ಹ್ಯಾಟೆಯೂ ದಿನಕ್ಕೊಮ್ಮೆ ಮೇವು ನೀರಿಗೆ ಅಷ್ಟು ಹೊತ್ತು ಎದ್ದು ಹೋಗುತ್ತದೆ.

ಜೀವ ಇರುವ ಮೊಟ್ಟೆಯಲ್ಲಿ ರಕ್ತನಾಳ ಹೊಳೆಯುವ ಕೆಂಪು, ಕವಲು ಸ್ಪಷ್ಟ, ಮೊಟ್ಟೆಯ ಒಟ್ಟು ಬಣ್ಣ ಬೆಚ್ಚಗಿನ ಕಿತ್ತಳೆಗೆಂಪು. ಕವಲು ಇಲ್ಲದೆ, ಚಿಪ್ಪಿನ ಒಳಗೋಡೆಗೆ ಅಂಟಿದ ಕೆಂಪು ಬಳೆಯೊಂದೇ ಕಂಡರೆ ಅದು ರಕ್ತದ ಉಂಗುರ. ಎರಡರಿಂದ ನಾಲ್ಕನೇ ದಿನದ ನಡುವೆ ಸತ್ತ ಭ್ರೂಣದ ರಕ್ತ ಹಳದಿಯ ಮೇಲಿನ ನಾಳಜಾಲದ ಅಂಚಿಗೆ ಸರಿದು ನಿಂತದ್ದು. ಒಳಗೆ ಒಂದೇ ಸಮನೆ ಹಳದಿ ಬೆಳಕು, ತಿರುಗಿಸಿದಂತೆ ಹಳದಿಯ ನೆರಳು ಸಲೀಸಾಗಿ ಜಾರುತ್ತದೆ ಎಂದರೆ ಅದು ಖಾಲಿ ಮೊಟ್ಟೆ. ಅನುಮಾನ ಬಂದದ್ದಕ್ಕೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಒಳಗಿಟ್ಟು, ಮೂರು ದಿನ ಬಿಟ್ಟು ನೋಡಿ. ಅನುಮಾನದ ಮೊಟ್ಟೆಯನ್ನು ಯಾವತ್ತೂ ಒಡೆಯಬಾರದು. ವಾಸನೆ ಬರುವ, ಚಿಪ್ಪಿನಿಂದ ಜಿನುಗುವ ಮೊಟ್ಟೆ ಮಾತ್ರ ತಕ್ಷಣ ಹೊರಗೆ. ಅದು ಒಳಗೇ ಸಿಡಿದರೆ ಸುತ್ತಲಿನ ಮೊಟ್ಟೆಗೆಲ್ಲ ಸೋಂಕು.

ಈಗ ಪತ್ರದ ಮುಖ್ಯ ಮಾತಿಗೆ ಬರುತ್ತೇವೆ. ಏಳನೇ ದಿನ ಖಾಲಿ ಎಂದು ತೆಗೆದ ಮೊಟ್ಟೆಯನ್ನು ತಿಪ್ಪೆಗೆ ಎಸೆಯುವ ಮುಂಚೆ ಒಂದೊಂದಾಗಿ ಒಡೆದು ನೋಡಿ. ಮೊಂಡು ತುದಿಯ ಚಿಪ್ಪನ್ನು ಚಮಚದ ಹಿಡಿಯಿಂದ ತಟ್ಟಿ ಬಿಡಿಸಿ, ಒಳಪೊರೆ ಸರಿಸಿ, ಹಳದಿಯ ಮೇಲ್ಭಾಗ ನೋಡಿ. ಏನೂ ಸಿಗದಿದ್ದರೆ ತಟ್ಟೆಗೆ ಸುರಿದು ಹೊರಳಿಸಿ. ಮೇಲೆ ಹೇಳಿದ ಸಣ್ಣ ಗಟ್ಟಿ ಬೊಟ್ಟು ಹಾಗೇ ಇದ್ದರೆ ಬರಡು. ಹಳದಿಯ ಮೇಲೆ ಸುಮಾರು ಒಂದು ಸೆಂಟಿಮೀಟರಿನ ಕೆನೆಬಣ್ಣದ ಪೊರೆ ಹರಡಿದ್ದರೆ ಅದು ಮೊದಲ ದಿನದ ಸಾವು. ಪೊರೆ ಹಳದಿಯ ಮೇಲ್ಭಾಗವನ್ನೆಲ್ಲ ಆವರಿಸಿ ರಕ್ತ ಕಾಣದಿದ್ದರೆ ಎರಡನೇ ದಿನದ್ದು. ರಕ್ತ ಇದ್ದು ಕಪ್ಪು ಕಣ್ಣು ಇಲ್ಲದಿದ್ದರೆ ಮೂರು ನಾಲ್ಕನೇ ದಿನದ್ದು. ಇದನ್ನು ಮರಿ ಹೊರಬರುವ 21ನೇ ದಿನಕ್ಕೆ ತಳ್ಳಬೇಡಿ, ಅಷ್ಟು ಹೊತ್ತಿಗೆ ಹಳದಿ ಕಲಸಿಹೋಗಿ ಗುರುತೆಲ್ಲ ಅಳಿದಿರುತ್ತದೆ.

30 ಮೊಟ್ಟೆ ಇಟ್ಟು ಒಂಬತ್ತು ಖಾಲಿ ಬಂದವು ಎಂದಿಟ್ಟುಕೊಳ್ಳಿ. ಒಡೆಯದೆ ಲೆಕ್ಕ ಹಾಕಿದರೆ ಫಲ ಕಟ್ಟಿದ ಪ್ರಮಾಣ 70 ಪ್ರತಿಶತ, ಹುಂಜ ಸುಮಾರು ಎಂದಾಯಿತು. ಒಡೆದಾಗ ಮೂರು ಬರಡು, ಆರು ಎರಡು ದಿನದೊಳಗೆ ಸತ್ತವು ಎಂದು ಗೊತ್ತಾದರೆ ಫಲ ಕಟ್ಟಿದ್ದು 90 ಪ್ರತಿಶತ. ಹುಂಜ ಚೆನ್ನಾಗಿದೆ, ಮೊಟ್ಟೆ ಇಟ್ಟ ಜಾಗ ಅಥವಾ ಮೊದಲ ದಿನಗಳ ಕಾವು ಕೆಟ್ಟಿದೆ. ಎರಡು ಲೆಕ್ಕಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಮೊದಲ ವಾರದ ಸಾವು ಹೆಚ್ಚಾಗಿದ್ದರೆ ಮೊದಲು ಕೂಡಿಟ್ಟ ದಿನ ಮತ್ತು ಬಿಸಿಯನ್ನು ಪರಿಶೀಲಿಸಿ, ಆಮೇಲೆ ಯಂತ್ರದ ಥರ್ಮಾಮೀಟರನ್ನು. ಅಗ್ಗದ ಯಂತ್ರದ ಪರದೆ ಅರ್ಧ, ಒಂದು ಡಿಗ್ರಿ ತಪ್ಪು ತೋರಿಸುವುದು ಅಪರೂಪವಲ್ಲ. ಜ್ವರ ನೋಡುವ ಒಳ್ಳೆಯ ಥರ್ಮಾಮೀಟರನ್ನು ಮೊಟ್ಟೆಯ ಮೇಲ್ಮಟ್ಟದಲ್ಲೇ ಇಟ್ಟು ಹೋಲಿಸಿ. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೇರಿ ನಿಲ್ಲುವುದರಿಂದ ಮೊಟ್ಟೆಯ ಮೇಲ್ಮಟ್ಟದಲ್ಲಿ 38.3ರಿಂದ 38.9 ಡಿಗ್ರಿ ಇರಬೇಕು. ಭ್ರೂಣ ತಣುಪನ್ನು ಸಹಿಸಿಕೊಳ್ಳುತ್ತದೆ, ಹೆಚ್ಚು ಬಿಸಿಯನ್ನು ಸಹಿಸುವುದಿಲ್ಲ. ಎರಡು ಮೂರು ಗಂಟೆ ಕರೆಂಟು ಹೋದರೆ ಕಂಬಳಿ ಹೊದಿಸಿ ಸುಮ್ಮನಿರಿ, ಮರಿ ಸ್ವಲ್ಪ ತಡವಾಗಿ ಬರಬಹುದು ಅಷ್ಟೇ. ಕರೆಂಟು ಬಂದ ಮೇಲೆ ಗಾಬರಿಯಿಂದ ಕಾವು ಏರಿಸಿ 40 ದಾಟಿಸಿದರೆ ಅದೇ ಕೊಲ್ಲುತ್ತದೆ. ಎಲ್ಲ ಸತ್ತವೆಂದು ಎಸೆಯುವ ಮುಂಚೆ ಮೂರು ನಾಲ್ಕು ದಿನ ಬಿಟ್ಟು ಮತ್ತೆ ಬೆಳಕಿಗೆ ಹಿಡಿಯಿರಿ.

ಎರಡನೇ ನೋಟ 14ನೇ ದಿನ. ಒಳಗೆ ಮುಕ್ಕಾಲು ಪಾಲು ಕಪ್ಪು, ಅಂಚಿನಲ್ಲಿ ದಪ್ಪ ರಕ್ತನಾಳ, ಹಠಾತ್ ಒದೆತ. ಇಲ್ಲಿ ನೋಡಬೇಕಾದ ಸೂಕ್ಷ್ಮವೊಂದಿದೆ: ಚೂಪು ತುದಿ. ರಕ್ತನಾಳದ ಜಾಲ ಹನ್ನೊಂದು ಹನ್ನೆರಡನೇ ದಿನಕ್ಕೆ ಚಿಪ್ಪಿನ ಒಳಗೋಡೆಯನ್ನೆಲ್ಲ ಆವರಿಸಿ ಚೂಪು ತುದಿಯಲ್ಲಿ ಮುಚ್ಚಿಕೊಂಡಿರಬೇಕು. 14ನೇ ದಿನವೂ ಆ ತುದಿ ತಿಳಿಯಾಗಿ ಬೆಳಗುತ್ತಿದ್ದರೆ ಮೊದಲ ವಾರಗಳಲ್ಲಿ ಮೊಟ್ಟೆ ತಿರುಗಿಸಿದ್ದು ಸಾಲದು ಅಥವಾ ಕಾವು ಕಡಿಮೆಯಾಗಿದೆ. ಕೈಯಲ್ಲಿ ತಿರುಗಿಸುವವರು ದಿನಕ್ಕೆ ಮೂರು ಅಥವಾ ಐದು ಸಲ, ಬೆಸ ಸಂಖ್ಯೆಯಲ್ಲಿ ತಿರುಗಿಸಬೇಕು. ಹಾಗಾದರೆ ಉದ್ದನೆಯ ರಾತ್ರಿ ಹೊತ್ತು ಪ್ರತಿದಿನವೂ ಒಂದೇ ಮಗ್ಗುಲಿನ ಮೇಲೆ ಕಳೆಯುವುದಿಲ್ಲ. ಒಳಗಿನ ಕಪ್ಪು ಅಂಚಿಲ್ಲದೆ ಮಸುಕಾಗಿ, ನೀರಿನಂತೆ ತುಳುಕುತ್ತಿದ್ದರೆ ಭ್ರೂಣ ಸತ್ತಿದೆ. ನಡುವಾರದ ಇಂಥ ಸಾವು ಪದೇ ಪದೇ ಬಂದರೆ ಹ್ಯಾಟೆಯ ಮೇವು ನೋಡಬೇಕು. ಬರೀ ನುಚ್ಚು, ಜೋಳ ತಿಂದ ಕೋಳಿಯ ಮೊಟ್ಟೆಯಲ್ಲಿ ಬಿ2 ಜೀವಸತ್ವ ಕಡಿಮೆ, ಹಸಿರು ಸೊಪ್ಪು ಬೇಕು.

18ನೇ ದಿನದ ಕೊನೆಯ ನೋಟದಲ್ಲಿ ಗಾಳಿಕೋಶ ಬಿಟ್ಟು ಉಳಿದದ್ದೆಲ್ಲ ಕಪ್ಪು. ಮೊದಲ ದಿನ ಎಳೆದ ಪೆನ್ಸಿಲ್ ಗೆರೆ ಈಗ ಉಪಯೋಗಕ್ಕೆ ಬರುತ್ತದೆ. ಗಾಳಿಕೋಶ ಎಷ್ಟು ದೊಡ್ಡದಾಗಿದೆ ಎನ್ನುವುದೇ ತೇವದ ಅಳತೆ. ಮೊಟ್ಟೆ 18 ದಿನದಲ್ಲಿ ತನ್ನ ತೂಕದ ಸುಮಾರು 12 ಪ್ರತಿಶತ ಕಳೆದುಕೊಳ್ಳಬೇಕು: 40 ಗ್ರಾಮಿನ ನಾಟಿ ಮೊಟ್ಟೆ 35 ಗ್ರಾಮಿನ ಆಸುಪಾಸಿಗೆ ಬರಬೇಕು. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ನಾಲ್ಕೈದು ಮೊಟ್ಟೆ ತೂಗಿದರೆ ಸಾಕು. ಮೊದಲ 18 ದಿನ 50-55 ಪ್ರತಿಶತ, ಕೊನೆಯ ಮೂರು ದಿನ 65-70 ಪ್ರತಿಶತ ತೇವ ಎಂದು ಎಲ್ಲ ಕೈಪಿಡಿಯಲ್ಲೂ ಇರುತ್ತದೆ. ಆದರೆ ಅದಕ್ಕಾಗಿ ಯಂತ್ರದೊಳಗಿನ ತಟ್ಟೆಗೆ ಎಷ್ಟು ನೀರು ಎನ್ನುವುದು ಊರಿಗೊಂದು ರೀತಿ. ಮಳೆಗಾಲದ ಉಡುಪಿಯಲ್ಲಿ 27 ಡಿಗ್ರಿಯ, 80 ಪ್ರತಿಶತ ತೇವದ ಗಾಳಿ ಯಂತ್ರದೊಳಗೆ 37.5ಕ್ಕೆ ಕಾದಾಗ ಅದರ ತೇವ ಸುಮಾರು 44 ಪ್ರತಿಶತಕ್ಕೆ ಇಳಿಯುತ್ತದೆ, ಸ್ವಲ್ಪವೇ ನೀರು ಸಾಕು. ತಟ್ಟೆ ತುಂಬಿಸಿದರೆ ಗಾಳಿಕೋಶ ಚಿಕ್ಕದಾಗಿಯೇ ಉಳಿದು ಮರಿ ಮೊಟ್ಟೆಯೊಳಗಿನ ನೀರಿನಲ್ಲೇ ಉಸಿರುಗಟ್ಟುತ್ತದೆ. ಬೇಸಿಗೆಯ ರಾಯಚೂರಿನಲ್ಲಿ 38 ಡಿಗ್ರಿಯ, 20 ಪ್ರತಿಶತ ತೇವದ ಗಾಳಿ ಒಳಗೂ 20 ಪ್ರತಿಶತವೇ. ಅಲ್ಲಿ ಎರಡು ತಟ್ಟೆ ನೀರು, ಒದ್ದೆ ಸ್ಪಂಜು ಬೇಕು, ಇಲ್ಲವಾದರೆ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. 18ರ ಬಳಿಕ ತಿರುಗಿಸುವುದು, ಮುಚ್ಚಳ ತೆಗೆಯುವುದು ಎರಡೂ ಬೇಡ.

ಹ್ಯಾಟೆಯನ್ನೇ ಕಾವಿಗೆ ಕೂರಿಸುವವರಿಗೂ ಇದೆಲ್ಲ ಅನ್ವಯಿಸುತ್ತದೆ. ರಾತ್ರಿ ಹೊತ್ತು ಕೋಳಿ ಸುಮ್ಮನಿರುತ್ತದೆ, ಮಂಕರಿಯ ಪಕ್ಕದಲ್ಲೇ ಕೂತು ಎರಡೆರಡು ಮೊಟ್ಟೆ ತೆಗೆದು ನೋಡಿ ಇಡಬಹುದು. ಇದರ ಲಾಭ ದೊಡ್ಡದು. ಎರಡು ಹ್ಯಾಟೆಗಳನ್ನು ಒಂದೇ ದಿನ ಹತ್ತತ್ತು ಮೊಟ್ಟೆಯ ಮೇಲೆ ಕೂರಿಸಿದ್ದರೆ, ಏಳನೇ ದಿನ ಖಾಲಿಯನ್ನೆಲ್ಲ ತೆಗೆದು, ಉಳಿದ ಹನ್ನೆರಡನ್ನು ಒಂದರ ಕೆಳಗೆ ಸೇರಿಸಿ, ಇನ್ನೊಂದಕ್ಕೆ ಹೊಸ ಮೊಟ್ಟೆ ಕೊಡಬಹುದು.

ಮೊಟ್ಟೆಯನ್ನು ಕಿವಿಯ ಹತ್ತಿರ ಕುಲುಕಿ ನೋಡುವುದು, ನೀರಿನಲ್ಲಿ ತೇಲಿಸುವುದು, ಇವೆರಡನ್ನೂ ದಯವಿಟ್ಟು ಬಿಡಬೇಕು. ಕುಲುಕಿದರೆ ಎಳೆಯ ರಕ್ತನಾಳ ಹರಿಯುತ್ತದೆ. ನೀರಿಗೆ ಹಾಕಿದರೆ ಚಿಪ್ಪಿನ ಮೇಲಿನ ಕಾಪು ಪೊರೆ ಕರಗಿ, ಬಿಸಿ ಮೊಟ್ಟೆ ತಣ್ಣೀರಿನಲ್ಲಿ ಕುಗ್ಗುವಾಗ ಕೊಳೆಯನ್ನು ರಂಧ್ರದಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಳಕಾದ ಮೊಟ್ಟೆಯನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಗೆಯೇ ಕಾವಿನಲ್ಲಿ ಏಳು ದಿನ ಇದ್ದ ಮೊಟ್ಟೆಯನ್ನು, ಬರಡೇ ಇರಲಿ, ತಿನ್ನಲು ಅಥವಾ ಬೇಕರಿಗೆ ಮಾರಲು ಬಳಸಬಾರದು. ಸುಣ್ಣ ಹಾಕಿ ಹೂಳಬೇಕು.

ತಿನ್ನುವ ಮೊಟ್ಟೆಯಲ್ಲಿ ಕೆಲವು ಸಲ ಕಾಣುವ ರಕ್ತದ ಚುಕ್ಕಿಯನ್ನು ನೋಡಿ ಮರಿ ಕಟ್ಟಿದೆ ಎಂದು ಹೆದರುವವರಿದ್ದಾರೆ. ಹಳದಿ ಬಿಡುಗಡೆಯಾಗುವಾಗ ಕೋಳಿಯ ಅಂಡಾಶಯದ ಸಣ್ಣ ರಕ್ತನಾಳ ಒಡೆದು ಬಿದ್ದ ಹನಿ ಅದು. ಹುಂಜವನ್ನೇ ಕಾಣದ ಕೋಳಿಯ ಮೊಟ್ಟೆಯಲ್ಲೂ ಇರುತ್ತದೆ.

ಶಾಲೆಗಳಿಗೂ ಒಂದು ಮಾತು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಕಾವಿನ ಮೊಟ್ಟೆಗಳನ್ನು ತೆರೆದು, ಮೂರು ದಿನ ಮೂರು ರಾತ್ರಿ ಕಳೆದ ಮೇಲೆ ರಕ್ತದ ಚುಕ್ಕಿಯಂತೆ ಮಿಡಿಯುವ ಹೃದಯವನ್ನು ಕಂಡು ಬರೆದಿಟ್ಟ. 1951ರಲ್ಲಿ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಎಂಬ ವಿಜ್ಞಾನಿಗಳು ಕೋಳಿ ಭ್ರೂಣದ ಬೆಳವಣಿಗೆಯನ್ನು 46 ಹಂತಗಳಾಗಿ ಗುರುತಿಸಿದರು, ಇಂದಿಗೂ ಪ್ರಪಂಚದ ಪ್ರಯೋಗಾಲಯಗಳು ಅದನ್ನೇ ಬಳಸುತ್ತವೆ. ಅದೇ ಹೃದಯದ ಮಿಡಿತವನ್ನು ನಮ್ಮ ಹೈಸ್ಕೂಲು ಮಕ್ಕಳು ಬಿಳಿ ಚಿಪ್ಪಿನ ಫಲಿತ ಮೊಟ್ಟೆಯಲ್ಲಿ, ಐದನೇ ದಿನ, ಒಂದು ಜೀವವನ್ನೂ ಕಳೆಯದೆ ಟಾರ್ಚಿನಲ್ಲೇ ನೋಡಬಹುದು. ಮೊಟ್ಟೆ ಹಾಗೇ ಕಾವಿಗೆ ಮರಳಿ 21ನೇ ದಿನ ಪಿಳ್ಳೆಯಾಗಿ ಬರುತ್ತದೆ. ಅದನ್ನು ಸಾಕುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ನಾಟಿ ಮೊಟ್ಟೆಯ 4, 7, 14 ಮತ್ತು 18ನೇ ದಿನದ ಬೆಳಕಿನ ಚಿತ್ರಗಳನ್ನು, ಬರಡು ಬೊಟ್ಟು ಮತ್ತು ಫಲಿತ ಬಳೆಯ ಚಿತ್ರಗಳ ಜೊತೆ, ನಿಜ ಗಾತ್ರದಲ್ಲಿ ಒಮ್ಮೆ ಮುದ್ರಿಸಿದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಯಂತ್ರ ಮಾರುವವರೂ ಇಂಗ್ಲಿಷ್ ಕೈಪಿಡಿಯ ಬದಲು ಈ ಆರು ಚಿತ್ರಗಳಿರುವ ಕನ್ನಡದ ಒಂದು ಹಾಳೆಯನ್ನು ಪೆಟ್ಟಿಗೆಯೊಳಗೆ ಇಡಲಿ. ಬೇಸಿಗೆ ಶುರುವಾಗುವ ಮುಂಚೆ, ಫೆಬ್ರುವರಿಯೊಳಗೆ ಇದು ಆದರೆ ಈ ವರ್ಷದ ಮೊಟ್ಟೆಗೇ ಉಪಯೋಗಕ್ಕೆ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ನಾಟಿ ಕೋಳಿ ಸಾಕಣೆದಾರರು
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ